ಗೋಧಿ ಇಲ್ಲದ ಊಟ

ಗೋಧಿ ಒಂದು ಚೂರು ಹೊಟ್ಟೆಗೆ ಹೋದರೂ ವಾರಿಜಳ ಮಗಳಿಗೆ ವಾಂತಿ ಶುರುವಾಗುತ್ತಿತ್ತು. ಬೆಟ್ಟದ ಮೇಲಿನ ಆ ಪ್ರವಾಸಿ ಊರಿಗೆ ಬಂದ ದಿನವೇ ರೆಸಾರ್ಟಿನವರು ‘ಗೋಧಿ ಹಾಕಿಲ್ಲ’ ಎಂದು ಬಡಿಸಿದ್ದರು. ಮಗು ವಾಂತಿ ಮಾಡಿಕೊಂಡ ಮೇಲೆ, ‘ಬರೀ ಮೈದಾ ಮೇಡಂ’ ಎಂದಿದ್ದರು.

ಮರುದಿನ ಮಧ್ಯಾಹ್ನ ನಾಲ್ಕು ಹೋಟೆಲು ಸುತ್ತಿ, ಮಗಳ ಕೈ ಹಿಡಿದುಕೊಂಡು ಐದನೆಯದಕ್ಕೆ ಬಂದಳು. ಬಾಗಿಲಲ್ಲೇ ಅದರ ಮಾಲೀಕ, ಒಬ್ಬ ಮುದುಕ, ಪರೋಟ ತಟ್ಟುತ್ತಿದ್ದ.

“ಗೋಧಿ, ಮೈದಾ, ರವೆ ಯಾವುದೂ ಇಲ್ಲದ್ದು ಏನಿದೆ?”

“ಏನೂ ಇಲ್ಲಮ್ಮ.”

“ಅನ್ನ ಇದೆಯಲ್ಲ?”

“ಪರೋಟ ಮುಟ್ಟಿದ ಕೈಯಲ್ಲೇ ಬಡಿಸ್ತೀವಿ. ಬೇಡ.”

“ಬರೀ ಸಾರು ಕೊಡಿ, ಕುಡೀತಾಳೆ.”

“ಸಾರಿಗೆ ಇಂಗು ಹಾಕಿದೆ. ಇಂಗಿನ ಪುಡಿಗೂ ಹಿಟ್ಟು ಬೆರೆಸಿರ್ತಾರೆ.”

ವಾರಿಜಳಿಗೆ ಅಳು ಬರುವಂತಾಯಿತು. “ಬೆಳಿಗ್ಗೆಯಿಂದ ಹಸಿದಿರೋ ಮಗು ಕಣ್ರೀ. ಹೀಗೆ ಓಡಿಸಿದ್ರೆ ಎಲ್ಲಿಗೆ ಹೋಗ್ಲಿ?”

ಮುದುಕ ಎದ್ದು ಕೈ ತೊಳೆದ. ಸೋಪು ಹಚ್ಚಿ ಇನ್ನೊಮ್ಮೆ ತೊಳೆದ. ಗಲ್ಲಾದ ಹಿಂದಿನಿಂದ ಟಿಫನ್ ಕ್ಯಾರಿಯರ್ ತಂದು ಮಗುವಿನ ಮುಂದೆ ಬಿಚ್ಚಿದ. ಒಳಗೆ ಅಕ್ಕಿರೊಟ್ಟಿ, ಹುರುಳಿಕಾಯಿ ಪಲ್ಯ ಇತ್ತು.

“ನಮ್ಮನೇದು. ಧೈರ್ಯವಾಗಿ ತಿನ್ನು ಪುಟ್ಟಿ.”

ಮಗು ರೊಟ್ಟಿಗೆ ಕೈ ಹಾಕಿತು. ವಾರಿಜ ಆ ಕೈಯನ್ನು ಹಿಡಿದುಕೊಂಡಳು.

“ತಪ್ಪು ತಿಳ್ಕೋಬೇಡಿ. ಮನೇಲಿ ಮಾಡಿದ್ದಾದ್ರೂ ಗೋಧಿ ಸೋಕಿರಲ್ಲ ಅಂತ ಹೇಗೆ ನಂಬೋದು?”

“ನಂಗೂ ಅದೇ ಕಾಯಿಲೆ ಕಣಮ್ಮ. ಹದಿನೆಂಟು ವರ್ಷದಿಂದ ಈ ಹೋಟೆಲಿಂದು ನಾನು ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಿಲ್ಲ.”