ತೌಡವ್ವ ಎಂಬ ಹೆಸರು

ಎದುರು ಮನೆಯ ಕಟ್ಟೆಯ ಮೇಲೆ ಆ ಹೆಂಗಸು ಮೂರನೆಯ ದಿನವೂ ಬಂದು ಕೂತದ್ದನ್ನು ಕಂಡು ಕಲ್ಲವ್ವ ಬಾಗಿಲು ಹಾಕಿ ಅಗುಳಿ ಜಡಿದಳು.

ಮದುವೆಗೆ ಇನ್ನು ಐದು ದಿನ ಉಳಿದಿತ್ತು. ಪುಣೆಯ ರವಿವಾರ ಪೇಠೆಯ ಆ ಸಣ್ಣ ಮನೆಯಲ್ಲಿ ಇದ್ದವರು ಕಲ್ಲವ್ವ ಮತ್ತು ಹದಿನೈದು ವರ್ಷದ ತೌಡವ್ವ, ಇಬ್ಬರೇ. ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಗಂಡ ಮಲಕಪ್ಪ ತೀರಿಕೊಂಡ ಮೇಲೆ ಕಲ್ಲವ್ವ ಒಂದು ಎಮ್ಮೆ ಕಟ್ಟಿ, ಹಾಲು ಮಾರಿ ಹುಡುಗಿಯನ್ನು ಬೆಳೆಸಿದ್ದಳು. ಈ ಮದುವೆಯೊಂದು ಆಗಿಹೋಗಲಿ ಎಂದು ದಿನವೂ ಲಿಂಗಪೂಜೆಯಲ್ಲಿ ಬೇಡುತ್ತಿದ್ದಳು.

ಮಧ್ಯಾಹ್ನ ಬೀಗರು ಬಂದರು. ವರನ ತಂದೆ ಶಿವರುದ್ರಪ್ಪ ಅರಿವೆಯ ವ್ಯಾಪಾರಿ. ಧಾರವಾಡ ಬಿಟ್ಟು ಮೂವತ್ತು ವರ್ಷವಾಗಿದ್ದರೂ ಹಣೆಯ ವಿಭೂತಿ ಬಿಟ್ಟಿರಲಿಲ್ಲ, ನಗೆಮಾತನ್ನೂ ಬಿಟ್ಟಿರಲಿಲ್ಲ. ಮದುವೆಯ ದಿನ ಸೊಸೆಯ ಹೆಸರು ಬದಲಿಸುವುದು ಪುಣೆಯ ಪದ್ಧತಿ, ಇಂದೂ ಎಂದು ಹೆಸರಿಟ್ಟರೆ ಹೇಗೆ ಎಂದು ಕೇಳಿದರು.

“ನಮ್ಮ ಕಡೆ ಓಣಿಗೊಬ್ಬ ತೌಡಪ್ಪ, ಮನಿಗೊಬ್ಬಾಕಿ ತೌಡವ್ವ ಇರ್ತಾರ್ರಿ. ಇಲ್ಲಿ ಪುಣ್ಯಾದಾಗ ಇಂಥಾ ಹೆಸರು ಕೇಳಿದ್ರ ಎಮ್ಮಿ ಒಂದs ಹೊಳ್ಳಿ ನೋಡತದ.”

ಒಳಗಿನಿಂದ ತೌಡವ್ವ ನಕ್ಕದ್ದು ಕೇಳಿಸಿತು. ಅವಳಿಗೆ ಇದು ಹೊಸದಲ್ಲ. ಮರಾಠಿ ಶಾಲೆಯ ಮಾಸ್ತರರು ಅರ್ಥ ಕೇಳಿಕೊಂಡು, ತೌಡಿಗೆ ಮರಾಠಿಯಲ್ಲಿ ಕೋಂಡಾ ಎನ್ನುತ್ತಾರೆಂದು, ಕೋಂಡಾಬಾಯಿ ಎಂದೇ ಬರೆದುಕೊಂಡಿದ್ದರು. ಇಡೀ ಪೇಠೆಯಲ್ಲಿ ತೌಡವ್ವ ಎಂಬ ಹೆಸರಿನವಳು ಅವಳೊಬ್ಬಳೇ.

ಕಲ್ಲವ್ವ ಮಾತ್ರ ನಗಲಿಲ್ಲ. ಬೇಕಾದರೆ ಮದುವೆಯ ದಿನ ಮುಂದೆ ಹೋಗಲಿ, ಹೆಸರು ಬದಲಿಸುವುದು ಬೇಡ ಎಂದಳು. ಬದಲಿಸಿದರೆ ಸಾವು ಹುಡುಗಿಯ ಗುರುತು ಹಿಡಿದೀತು ಎಂಬ ಭಯ ಅವಳಿಗೆ.

ಶಿವರುದ್ರಪ್ಪನವರು ಗಂಭೀರರಾದರು. ಅಂಥ ಹೆಸರಿಡುವ ಪದ್ಧತಿ ಅವರಿಗೆ ಗೊತ್ತಿತ್ತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ತಾಯಿ ಕೂಸನ್ನು ಹನ್ನೆರಡನೆಯ ದಿನ ನೆರೆಯವಳಿಗೆ ಮಾರುತ್ತಾಳೆ. ಬೆಲೆ ಒಂದು ಮೊರ ತೌಡು. ಒಂದು ರಾತ್ರಿ ಕೂಸು ಕೊಂಡವಳ ಮನೆಯಲ್ಲಿ ಮಲಗುತ್ತದೆ. ಬೆಳಗಾದ ಮೇಲೆ ತಾಯಿ ಅದನ್ನು ಪರರ ಕೂಸೆಂದು ಹೇಳಿಕೊಂಡು ಸಾಕಲು ತರುತ್ತಾಳೆ. ತೌಡಿಗೆ ಸಿಕ್ಕ ಕೂಸಿನ ಮೇಲೆ ಸಾವಿಗೂ ಆಸೆ ಹುಟ್ಟುವುದಿಲ್ಲವೆಂದು ನಂಬಿಕೆ. ಮದುವೆಗೆ ಮುಂಚೆ ತೌಡು ಹಿಂದೆ ಕೊಟ್ಟು ಮಗುವನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಅದು ಕೊಂಡವಳದೇ.

“ತೌಡು ಹೊಳ್ಳಿ ಕೊಟ್ಟೀರೇನ್ರಿ ಬೀಗಿತ್ತಿ?”

ಕಲ್ಲವ್ವ ತಲೆ ತಗ್ಗಿಸಿದಳು. ಇವಳಿಗಿಂತ ಮುಂಚಿನ ನಾಲ್ಕು ಮಕ್ಕಳು ಉಳಿಯಲಿಲ್ಲ, ಅದು ಪ್ಲೇಗಿನ ವರ್ಷ ಎಂದಳು. ಆ ರಾತ್ರಿ ಕೂಸು ಒಮ್ಮೆಯೂ ಅಳಲಿಲ್ಲ, ಬೆಳಗಾಗುವಷ್ಟರಲ್ಲಿ ಸರಕಾರದವರು ಬಂದು ಓಣಿ ಬಿಡಿಸಿದರು, ಒಬ್ಬೊಬ್ಬರು ಒಂದೊಂದು ದಿಕ್ಕಾದರು, ಆಮೇಲೆ ಯಾರು ಎಲ್ಲಿ ಹೋದರೋ ತಿಳಿಯಲಿಲ್ಲ ಎಂದಳು. ಹಿಂದಿನ ನಾಲ್ಕು ಮಕ್ಕಳನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದು ಅವರು ಮೆಲ್ಲಗೆ ಕೇಳಿದರು. ಕಲ್ಲವ್ವ ನೀರಿನ ತಂಬಿಗೆಯನ್ನು ಅವರ ಮುಂದೆ ಸರಿಸಿದಳು. ಕೇಳಬಾರದ್ದನ್ನು ಕೇಳಿದೆನೆಂದು ಅವರೇ ನೊಂದುಕೊಂಡರು.

“ಹಂಗಾರ ಎದುರಿನ ಕಟ್ಟಿ ಮ್ಯಾಲ ಕೂತಾಕಿ ಯಾರು?”

ಕಲ್ಲವ್ವ ಎದ್ದು ಬಾಗಿಲ ಅಗುಳಿ ಮುಟ್ಟಿ ನೋಡಿದಳು. ಅವಳ ಹೆಸರು ಶಿವಗಂಗವ್ವ, ಆಗಿನ ಓಣಿಯವಳು, ಕೂಸನ್ನು ಕೊಂಡವಳು ಅವಳೇ ಎಂದಳು. ತಲೆ ಸರಿಯಿಲ್ಲ, ಪೇಠೆಯಿಂದ ಪೇಠೆಗೆ ಹುಡುಗಿಯ ಹೆಸರು ಕೇಳುತ್ತ ತಿರುಗುತ್ತಾಳೆ, ಒಂದು ಸೀರೆ ಕೊಟ್ಟು ಕಳಿಸಿಬಿಡಿ ಎಂದು ಬೇಡಿಕೊಂಡಳು.

ಶಿವರುದ್ರಪ್ಪನವರು ಒಪ್ಪಲಿಲ್ಲ. ಬಿಡಿಸಿಕೊಳ್ಳದ ಹುಡುಗಿಯನ್ನು ಧಾರೆ ಎರೆಸಿಕೊಂಡರೆ ದೇವರು ಮೆಚ್ಚುವುದಿಲ್ಲ. ಅವರೇ ಅಗುಳಿ ತೆಗೆದು ಓಣಿ ದಾಟಿ ಹೋದರು. ಹೆಂಗಸು ಎದ್ದು ನಿಂತಳು. ಬಡವಿ, ಸೀರೆಗೆ ಎರಡು ಕಡೆ ತೇಪೆ. ಹುಡುಗಿಯ ಹೆಸರು ಇನ್ನೂ ತೌಡವ್ವ ಎಂದೇ ಇದೆಯೇ ಎಂದು ಮೊದಲು ಕೇಳಿದಳು. ಹೌದೆಂದಾಗ ಕಣ್ಣೊರೆಸಿಕೊಂಡಳು.

“ಅದs ಹೆಸರು ಹಿಡಕೊಂಡು ಹುಡಿಕೇನ್ರಿ ಯಜಮಾನ್ರ. ಊರ ಕಡೆ ಆಗಿದ್ರ ನೂರು ಮಂದ್ಯಾಗ ಕಳದುಹೋಗತಿತ್ತು. ಮದುವಿ ಕೆಡಸಾಕ ಬಂದಿಲ್ಲ. ತೌಡಿನ ಮಾತೊಂದು ಮುಗೀಲಿ, ಅಷ್ಟs ಸಾಕು.”

ನ್ಯಾಯವಾದ ಮಾತೆಂದು ಶಿವರುದ್ರಪ್ಪನವರಿಗೆ ಅನ್ನಿಸಿತು. ತಿರುಗಿ ಬಂದು, ಇವತ್ತೇ ನಾಲ್ಕು ಜನರ ಎದುರಿಗೆ ತೌಡು ಕೊಡಿ, ಇಲ್ಲವಾದರೆ ಮದುವೆಯಿಲ್ಲ ಎಂದರು. ಕಲ್ಲವ್ವ ಅತ್ತಳು. ಆಮೇಲೆ ಏನೋ ಲೆಕ್ಕ ಹಾಕಿದವಳಂತೆ ಥಟ್ಟನೆ ಅಳು ನಿಲ್ಲಿಸಿದಳು. ಆ ಹೆಂಗಸು ಎಲ್ಲರ ಎದುರಿಗೆ ತೌಡು ಕೈಯಲ್ಲಿ ಹಿಡಿದರೆ ಸಾಕಲ್ಲವೇ, ಅಲ್ಲಿಗೆ ಹುಡುಗಿ ನನ್ನವಳೇ ಅಲ್ಲವೇ ಎಂದು ಎರಡೆರಡು ಸಲ ಕೇಳಿದಳು. ಹೌದೆಂದು ಅವರು ಮಾತು ಕೊಟ್ಟರು.

ಓಣಿಯವರು ಸೇರಿದರು. ಎಮ್ಮೆಗೆ ತಂದಿಟ್ಟ ಚೀಲದಿಂದ ತೌಡವ್ವ ತಾನೇ ಮೊರ ತುಂಬಿಕೊಂಡು ಬಂದಳು. ಕಲ್ಲವ್ವ ಹೊಸ್ತಿಲಲ್ಲಿ ನಿಂತಳು. ಶಿವರುದ್ರಪ್ಪನವರು ಶಿವನಾಮ ಹೇಳಿ ಸನ್ನೆ ಮಾಡಿದರು. ಹುಡುಗಿ ಓಣಿ ದಾಟಿ ಹೋಗಿ ಮೊರವನ್ನು ಚಾಚಿದಳು. ಶಿವಗಂಗವ್ವ ಅವಳ ಮುಖವನ್ನೇ ನೋಡುತ್ತ ಎರಡೂ ಕೈಯಿಂದ ಅದನ್ನು ತೆಗೆದುಕೊಂಡಳು.

ಕಲ್ಲವ್ವ ಉಸಿರು ಬಿಟ್ಟಳು.

ಶಿವಗಂಗವ್ವ ಕೂರಲಿಲ್ಲ, ಹೊರಟುಹೋಗಲೂ ಇಲ್ಲ. ಮೊರ ಹಿಡಿದುಕೊಂಡು ನಿಧಾನವಾಗಿ ಓಣಿ ದಾಟಿ ಬಂದು, ಅದನ್ನು ಕಲ್ಲವ್ವನ ಕಾಲ ಬಳಿ ಇಟ್ಟಳು.

“ತಗೋ ಕಲ್ಲವ್ವ, ಅವತ್ತು ಕೂಸು ಕೊಳ್ಳಾಕ ನೀ ನನಗ ಕೊಟ್ಟಿದ್ದ ತೌಡು. ಇನ್ನ ನನ್ನ ಕೂಸು ನನಗ ಕೊಡು.”