ಸೀನಿದರೆ ಏಳುವ ಸರ್ವರ್

ಕೆಂಪರಾಜು ಚಿಂತಾಮಣಿಯಲ್ಲಿ ನಿಂತು ಒಂದು ಸೀನು ಸೀನಿದರೆ ಸಾಕು, ಗೌರಿಬಿದನೂರಿನಲ್ಲಿ ಕೆಟ್ಟು ಮಲಗಿದ ಸರ್ವರ್ ಎದ್ದು ಕೂತು ಕೆಲಸ ಶುರುಮಾಡುತ್ತದೆ. ಕಣ್ಣಾರೆ ಕಂಡವರೇ ಹೇಳಿದ ಮಾತಿದು. ಸೀನಿದವನು, ಕಂಡವನು, ಹೇಳಿದವನು, ಮೂವರೂ ಕೆಂಪರಾಜುವೇ.

ಅಂಥ ಮಹಾಶಯನನ್ನು ಚಿಕ್ಕಮ್ಮನ ಮಗಳು ಕಲ್ಯಾಣಿ ಜಂಗಮಕೋಟೆಯ ತನ್ನ ಚಾಕಿ ಕೇಂದ್ರಕ್ಕೆ ಕರೆಸಿದ್ದಳು. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವುದು ಅವಳ ಕಸುಬು. ಹುಳು ಪೊರೆ ಕಳಚುವ ಮೊದಲು ಮೇವು ಬಿಟ್ಟು ಮಲಗುವುದಕ್ಕೇ ಆ ಕಡೆ ಜ್ವರ ಎನ್ನುವುದು. ನಿಜವಾದ ಕಾಯಿಲೆ ಬರುತ್ತಿದ್ದುದು ರೈತರ ಕಾಲಿನಿಂದ. "ನಮ್ಮ ಹುಳ ಜ್ವರ ಎದ್ವಾ?" ಎಂದು ಬಂದು ಇಣುಕುವವರು ತಂತಮ್ಮ ಹುಳದ ಮನೆಯ ಸುಣ್ಣಕಟ್ಟು ರೋಗವನ್ನು ಚಪ್ಪಲಿಯಲ್ಲಿ ಹೊತ್ತು ತರುತ್ತಿದ್ದರು. ಹೋದ ಸಲ ಒಂದು ಬ್ಯಾಚು ಪೂರ್ತಿ ಹಾಗೇ ಹೋಯಿತು. ಇನ್ನೊಂದು ಹೋದರೆ ಕೇಂದ್ರಕ್ಕೆ ಬೀಗ. ಅದಕ್ಕೇ ಅವಳು ಆ್ಯಪ್ ಬರೆಸಿದ್ದಳು: ಹುಳು ಸಾಕುವ ಟ್ರೇಗಳ ಸ್ಥಿತಿ ರೈತರ ಫೋನಿನಲ್ಲೇ ಕಾಣಬೇಕು, ಒಬ್ಬರೂ ಗೇಟು ದಾಟಬಾರದು. ಅದು ಓಡಬೇಕಾದರೆ ಆಫೀಸಿನ ಕಂಪ್ಯೂಟರಿನಲ್ಲಿ ಜಾವಾ ಅಪ್ಲಿಕೇಶನ್ ಸರ್ವರ್ ಕೂರಿಸಬೇಕಿತ್ತು.

"ಇದೇನು ಮಹಾ! ಎಡಗೈ ಕಿರುಬೆರಳಲ್ಲಿ ಮಾಡ್ತೀನಿ. ಬಲಗೈಲಿ ಬೋಂಡ ತಿಂತಿರ್ತೀನಿ, ತರ್ಸು," ಎಂದ ಕೆಂಪರಾಜು.

ಬೋಂಡ ಬಂತು, ಆರಿತು. ಜಾವಾ ಹಾಕಿದ, ಸರ್ವರ್ ಹಾಕಿದ. "ಜಾವಾ ಎಲ್ಲಿ?" ಎಂದು ಸರ್ವರ್ ಕೇಳಿತು. ಪಕ್ಕದ ಫೋಲ್ಡರಿನಲ್ಲೇ ಇದ್ದ ಜಾವಾ ಅದರ ಕಣ್ಣಿಗೆ ಬೀಳಲಿಲ್ಲ. ಬೆವರೊರೆಸಿಕೊಂಡು ದಾರಿ ತೋರಿಸಿದ. ಆಮೇಲೆ ಸರ್ವರ್, ನಾನು ಕೂರಬೇಕಾದ ಪೋರ್ಟ್ ಎಂಬ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದಾರೆ ಎಂದು ತಕರಾರು ತೆಗೆಯಿತು.

"ಯಾವನೋ ತಲೆ ಇಲ್ದೋನು ಸಿಸಿಟಿವಿ ಸಾಫ್ಟ್‌ವೇರ್ನ ಇಲ್ಲಿ ಕೂರ್ಸವ್ನೆ ನೋಡು, ಬಸ್ಸಲ್ಲಿ ಟವಲ್ ಹಾಕ್ದಂಗೆ!"

"ಅದನ್ನ ಕೂರ್ಸಿದ್ದು ನೀನೇ ಕಣಣ್ಣ, ಹೋದ ವರ್ಷ."

ಕೆಂಪರಾಜು ಬೋಂಡ ಬಾಯಿಗಿಟ್ಟುಕೊಂಡ. ಅಂತೂ ಸರ್ವರನ್ನು ಬೇರೆ ಪೋರ್ಟಿಗೆ ಎಬ್ಬಿಸಿ ಕೂರಿಸಿದ ಮೇಲೆ ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಟ್ರೇಗಳ ಪುಟ ತೆರೆದುಕೊಂಡಿತು. ಕೈಲಾಸವೇ ಕಂಡಷ್ಟು ಖುಷಿಯಾಗಿ, ಆ ಪುಟದ ವಿಳಾಸವನ್ನು ಇದ್ದದ್ದು ಇದ್ದ ಹಾಗೇ ರೈತರ ವಾಟ್ಸಾಪ್ ಗುಂಪಿಗೆ ಕಳಿಸಿದ. 'ತೆರೀತಾ ಇಲ್ಲ' ಎಂದು ಒಬ್ಬರು ಬರೆದರು. 'ನಮ್ದೂ ಇಲ್ಲ' ಎಂದು ಉಳಿದವರು ಬರೆದರು. ಕೆಂಪರಾಜು ಸೋಲುತ್ತಾನೆಯೇ? 'ನಿಮ್ಮ ಕಡೆ ನೆಟ್‌ವರ್ಕ್ ಸರಿ ಇಲ್ಲ. ಇಲ್ಲಿ ಬೆಣ್ಣೆ ಥರ ಓಡ್ತಿದೆ. ಅನುಮಾನ ಇದ್ದೋರು ಬಂದು ನೋಡ್ಕಳಿ' ಎಂದು ಬರೆದು ಮೀಸೆ ಸವರಿಕೊಂಡ.

ಬಂದರು. ಸುತ್ತಲ ಹಳ್ಳಿಗಳ ಬೈಕುಗಳೆಲ್ಲ ಗೇಟಿನ ಮುಂದೆ ನಿಂತವು. ಎಲ್ಲರಿಗಿಂತ ಮುಂದೆ ರಾಮಾಂಜಿನಪ್ಪ. ಅವರ ಹುಳದ ಮನೆಯಲ್ಲಿ ಸುಣ್ಣಕಟ್ಟು ಬಂದು ಇನ್ನೂ ವಾರವಾಗಿರಲಿಲ್ಲ. ಅವರು ಆಗಲೇ ಒಂದು ಕಾಲನ್ನು ಗೇಟಿನೊಳಗೆ ಇಡಲು ಎತ್ತಿದ್ದರು.

"ಅಲ್ಲೇ ನಿಂತ್ಕಳಿ ರಾಮಾಂಜಿನಪ್ಪನೋರೆ!" ಕಲ್ಯಾಣಿ ಓಡಿ ಅಡ್ಡ ನಿಂತಳು. "ಒಳಗೆ ಯಾಕ್ ಬರ್ತೀರ?"

"ನೀವೇ ಕರೆದ್ರಲ್ಲಮ್ಮ, ಬಂದು ನೋಡ್ಕಳಿ ಅಂತ."

ಕಲ್ಯಾಣಿ ನಿಧಾನವಾಗಿ ಅಣ್ಣನ ಕಡೆ ತಿರುಗಿದಳು. "ಎಲ್ಲಿ, ನಿನ್ನ ಫೋನಲ್ಲಿ ತೆಗಿ, ನೋಡಣ."

"ಅದಕ್ಕೇನಂತೆ," ಎಂದು ಕೆಂಪರಾಜು ವಿಳಾಸ ಒತ್ತಿ ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಬಿಳಿ ಪರದೆಯ ಮೇಲೆ ಒಂದು ಉಂಗುರ ತಿರುಗಿತು, ತಿರುಗಿತು, ಕೊನೆಗೆ ಪುಟ ಸಿಗಲಿಲ್ಲ ಎಂದಿತು.

"ನಿಂಗೂ ನೆಟ್‌ವರ್ಕ್ ಇಲ್ವೇನಣ್ಣ?"

ಕೆಂಪರಾಜುವಿನ ಮೀಸೆ ಇಳಿಯಿತು. "ನೆಟ್‌ವರ್ಕ್ ಚೆನ್ನಾಗೇ ಐತೆ ಕಣಮ್ಮ. ನಾನು ಕಳಿಸಿದ್ದು ಆ ಕಂಪ್ಯೂಟ್ರು ತನ್ನನ್ನ ತಾನೇ ಕರ್ಕೊಳ್ಳೋ ವಿಳಾಸ. ಮದುವೆ ಕಾರ್ಡಲ್ಲಿ, ಸ್ಥಳ: ನಮ್ಮನೆ, ಅಂತ ಅಚ್ಚಾಕ್ಸಿದಂಗಾಯ್ತು. ಎಲ್ರೂ ಅವ್ರವ್ರ ಮನೇಲೇ ಛತ್ರ ಹುಡುಕ್ತಾವ್ರೆ. ನಿಜ ಹೇಳ್ಬೇಕಂದ್ರೆ, ಜಾವಾ ಸರ್ವರ್ ಅನ್ನೋದನ್ನ ನಾನು ಮುಟ್ಟಿದ್ದೇ ಇವತ್ತು. ಬಸ್ಸಲ್ಲಿ ಬರ್ತಾ ವಿಡಿಯೋ ನೋಡ್ದೆ. ಪೂರ್ತಿ ನೋಡೋ ಹೊತ್ಗೆ ಜಂಗಮಕೋಟೆ ಬಂದ್ಬಿಡ್ತು."

"ಸರಿ ವಿಳಾಸ ಹಾಕೋವರ್ಗೂ ನೀನೇ ಸರ್ವರ್ರು," ಎಂದು ಕಲ್ಯಾಣಿ ಅವನನ್ನು ಆಫೀಸಿನ ಕಿಟಕಿಗೆ ತಳ್ಳಿದಳು. ಕೆಂಪರಾಜು ಪರದೆ ನೋಡಿ ಕೂಗತೊಡಗಿದ: "ಗಂಗರಾಜು, ನಿಮ್ಮ ಹುಳ ಜ್ವರ ಎದ್ದೈತೆ! ಕೋನಪ್ಪನೋರೆ, ನಿಮ್ದಿನ್ನೂ ಮಲಗೈತೆ!" ಒಬ್ಬೊಬ್ಬರಾಗಿ ಬೈಕು ತಿರುಗಿಸಿಕೊಂಡು ಹೋದರು. ಗೇಟನ್ನು ಒಂದು ಚಪ್ಪಲಿಯೂ ದಾಟಲಿಲ್ಲ.

ಕೊನೆಗೆ ಉಳಿದ ರಾಮಾಂಜಿನಪ್ಪ ಅಲ್ಲಿಂದಲೇ ಕೂಗಿದರು. "ಏಮಪ್ಪಾ ಕೆಂಪರಾಜು, ಹಂಗಾದ್ರೆ ಆ ಗೌರಿಬಿದನೂರು ಸರ್ವರ್ರು?"

ಕೂಗಿ ಕೂಗಿ ಕೆಂಪರಾಜುವಿನ ಗಂಟಲು ಕಟ್ಟಿತ್ತು. ಕಿಟಕಿಯ ಸರಳಿಗೆ ಹಣೆ ಆನಿಸಿ ಹೇಳಿದ:

"ಅವತ್ತು ಅಲ್ಲಿ ಹೋಗಿದ್ದ ಕರೆಂಟು ಬಂತು ಕಣಣ್ಣ. ನಾನು ಸೀನಿದ್ದು ಮಾತ್ರ ನಿಜ."