ಟವಲಿನೊಳಗಿನ ಮುದ್ದೆ

ಸೊಸೆ ಕೃಪಾ ಅಡುಗೆಮನೆಯತ್ತ ತಿರುಗಿದ್ದೇ ತಡ, ಶ್ಯಾಮಣ್ಣ ತಟ್ಟೆಯ ಮುದ್ದೆಯನ್ನು ಟವಲಿಗೆ ಸುತ್ತಿಕೊಂಡ. ಅವಳು ಅದರಲ್ಲಿ ಏನೋ ಬೆರೆಸುತ್ತಿದ್ದಾಳೆಂದು ಅವನ ಗುಮಾನಿ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಅವನು ಒಮ್ಮೆ ಅಗಿದು ನೋಡಿದ್ದ. ಹಲ್ಲಿಗೆ ನಾರು ಸಿಕ್ಕಿತ್ತು, ಮೂಗಿಗೆ ಮಾವಿನ ಸಿಪ್ಪೆಯ ವಾಸನೆ ಬಡಿದಿತ್ತು. ಜ್ಯೂಸ್ ಫ್ಯಾಕ್ಟರಿಯಿಂದ ಹಸುವಿಗೆಂದು ತಾನೇ ಹೊತ್ತು ತರುವ ಸಿಪ್ಪೆಯ ವಾಸನೆ ಅವನಿಗೆ ಗೊತ್ತಿಲ್ಲವೇ? ಅಂದಿನಿಂದ ಮುದ್ದೆಯೆಲ್ಲ ಟೆಕ್ ಪಾರ್ಕಿನ ಗೋಡೆಗಂಟಿದ ಹಿತ್ತಲಲ್ಲಿ ಕಟ್ಟಿದ್ದ ಹಸು ಗೌರಿಯ ಪಾಲು. ಮುದ್ದೆಯಿಲ್ಲದ ಮೇಲೆ ಬಾಡಿನ ಸಾರೇಕೆಂದು ಅದನ್ನೂ ಬಿಟ್ಟು, ಬರೀ ಮಜ್ಜಿಗೆ ಅನ್ನ ಉಣ್ಣುತ್ತಿದ್ದ.

ಕೃಪಾ ಮೊಬೈಲ್ ಹಿಡಿದು ಓಡಿಬಂದಳು. "ಮಾವ, ರಿಪೋರ್ಟ್ ಬಂತು! ನಿಮ್ಮ ಕೊಲೆಸ್ಟ್ರಾಲ್ ಇಳಿದಿದೆ! ಮುದ್ದೆಗೆ ಹಾಕ್ತಿದ್ದಿದ್ದು ನಮ್ಮ ಆಫೀಸಿನ ಲ್ಯಾಬಲ್ಲಿ ಮಾಡಿದ ಸಿಪ್ಪೆ ನಾರಿನ ಪುಡಿ. ಹೇಳಿದ್ರೆ ನೀವು ತಿಂತಿರ್ಲಿಲ್ಲ. ನಾಳೆ ಮೀಟಿಂಗಲ್ಲಿ ಎಲ್ರಿಗೂ ನಿಮ್ಮನ್ನೇ ತೋರಿಸ್ತೀನಿ!"

ಅವಳ ಕಣ್ಣು ತುಂಬಿತ್ತು. ಹಿತ್ತಲಲ್ಲಿ ಗೌರಿ ತನ್ನ ಪಾಲಿಗಾಗಿ ಕೂಗಿತು. ಶ್ಯಾಮಣ್ಣ ಮೆಲ್ಲಗೆ ಟವಲು ಬಿಚ್ಚಿದ.

"ನನ್ನ ತೋರಿಸ್ಬ್ಯಾಡ ಕಣವ್ವಾ," ಎಂದ, "ಗೌರೀನ ತೋರ್ಸು."